ಕತ್ತರಿಸಿದ ಎನ್‌ಫೀಲ್ಡ್‌ಗೆ ಏನು ಮದ್ದು?

ಕೋವಿ ಕಮ್ಮಟ: ಓದುಗರ ಪ್ರಶ್ನೆ, ಹಳೆಯ ಆರ್ಮರರ್ ಉತ್ತರ

ಅಕ್ಟೋಬರ್ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳ ಜಾತಿಯೇ ಬದಲಾಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನವರು ತುಕ್ಕಿನ ಬಗ್ಗೆ ಕೇಳುತ್ತಾರೆ. ಈಗ ಕೆನಡಾದ ಕನ್ನಡಿಗರು ಜಿಂಕೆ ಬೇಟೆಯ ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಂಡು, ಎಲ್ಲಿಂದಲೋ ಒಂದು ಮುದಿ ಕೋವಿಯನ್ನು ತಂದು, ‘ಇದಕ್ಕೇನು ಮಾಡಲಿ’ ಎಂದು ಕೇಳುವ ಕಾಲ. ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ: ನಾನು ಸೋಮವಾರಪೇಟೆ ಕಡೆಯವನು. ಇಪ್ಪತ್ತೆರಡು ವರ್ಷ ಭಾರತೀಯ ಸೇನೆಯ ಯಂತ್ರೋಪಕರಣ ದುರಸ್ತಿಯ ಇ.ಎಂ.ಇ. ದಳದಲ್ಲಿ ಆರ್ಮರರ್, ಅಂದರೆ ಕೋವಿ ರಿಪೇರಿಯವನು, ಆಗಿದ್ದೆ. ಈಗ ಆಲ್ಬರ್ಟಾದಲ್ಲಿ ಮಗಳ ಮನೆಯಲ್ಲಿದ್ದೇನೆ, ವಾರಕ್ಕೆ ಮೂರು ದಿನ ಒಂದು ಕೋವಿ ರಿಪೇರಿ ಅಂಗಡಿಯ ಹಿಂಬದಿಯ ಬೆಂಚಿನಲ್ಲಿ ಕೂರುತ್ತೇನೆ. ಬೇಟೆಯಾಡುವವನಲ್ಲ. ಪ್ರಾಣಿ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಬೇಡಿ.

ಪ್ರಶ್ನೆ: ಪಕ್ಕದ ಊರಿನ ಹಳೆಯ ಜಮೀನ್ದಾರರ ಮನೆಯ ಹರಾಜಿನಲ್ಲಿ ಒಂದು ತ್ರೀ-ನಾಟ್-ತ್ರೀ (.303) ಎನ್‌ಫೀಲ್ಡ್ ರೈಫಲ್ ಕೊಂಡೆ. ಎಡ ಪಕ್ಕೆಯ ಮೇಲೆ ‘ಲಾಂಗ್ ಬ್ರಾಂಚ್ 1943’, ‘ನಂ.4 ಮಾರ್ಕ್ 1’ ಮತ್ತು ಒಂದು ನಕ್ಷತ್ರದ ಗುರುತು ಇದೆ. ಮುಂದಿನ ಮರವನ್ನು ಯಾರೋ ಅರ್ಧಕ್ಕೆ ಕತ್ತರಿಸಿದ್ದಾರೆ, ನಳಿಕೆ 22 ಇಂಚು ಇದೆ, ಎಡಬದಿಗೆ ದೂರದರ್ಶಕ ಕೂರಿಸಲು ಮೂರು ತೂತು ಕೊರೆದಿದ್ದಾರೆ. ನೂರು ಗಜಕ್ಕೆ ಮೊದಲೆರಡು ಗುಂಡು ಒಂದೇ ಕಡೆ ಬೀಳುತ್ತವೆ, ಮೂರನೆಯದು ಐದು ಇಂಚು ಮೇಲೆ ಹೋಗುತ್ತದೆ. ಇದನ್ನು ಮತ್ತೆ ಮೂಲ ಸೈನಿಕ ರೂಪಕ್ಕೆ ತರಲೇ, ಅಥವಾ ಒಳ್ಳೆಯ ಬೇಟೆ ಕೋವಿ ಮಾಡಿಕೊಳ್ಳಲೇ? (ಓದುಗರು, ರೆಡ್ ಡೀರ್, ಆಲ್ಬರ್ಟಾ)

ಉತ್ತರ: ನೀವು ಕಳಿಸಿದ ನಾಲ್ಕು ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಸಿಪಾಯಿಯ ಕೋವಿಯಾಗಿ ಇದು ಮರಳಿ ಬರುವುದಿಲ್ಲ. ಆ ಆಸೆ ಬಿಡಿ.

ಎನ್‌ಫೀಲ್ಡಿನ ಈ ನಂ.4 ಮಾದರಿಯ ನಳಿಕೆ 25.2 ಇಂಚು ಇರಬೇಕು. ಅದರ ತುದಿಯಲ್ಲಿ ಬಯೊನೆಟ್ ಸಿಕ್ಕಿಸುವ ಎರಡು ಪುಟ್ಟ ಕಿವಿಗಳಿರುತ್ತವೆ. ನಿಮ್ಮದರಲ್ಲಿ ಕಿವಿಗಳೂ ಇಲ್ಲ, ಮೂರು ಇಂಚು ನಳಿಕೆಯೂ ಇಲ್ಲ. ಪಕ್ಕೆಗೆ ಬಿದ್ದ ಮೂರು ತೂತಂತೂ ಶಾಶ್ವತ. ಹೊಸ ನಳಿಕೆ, ಉದ್ದದ ಮರ, ಮೇಲಿನ ಎರಡು ಕೈಗಾಪು ಮರಗಳು, ಕಬ್ಬಿಣದ ಪಟ್ಟಿಗಳು ಇಷ್ಟನ್ನೂ ಹುಡುಕಿ ಕೊಳ್ಳುವ ಹೊತ್ತಿಗೆ, ಯಾರೂ ಕೈಯಾಡಿಸದ ಒಂದು ಒಳ್ಳೆಯ ನಂ.4ರ ಬೆಲೆಯನ್ನು ದಾಟಿರುತ್ತೀರಿ. ಇಷ್ಟು ಮಾಡಿದರೂ ಸಿಗುವುದು ಮುದುಕನಿಗೆ ಹಾಕಿದ ವೇಷ. ನಿಮ್ಮದರಲ್ಲಿ ಬರೀ ಮರ ಕತ್ತರಿಸಿ, ನಳಿಕೆಯನ್ನೂ ಉಕ್ಕಿನ ಮೈಯನ್ನೂ ಮುಟ್ಟದೆ ಬಿಟ್ಟಿದ್ದರೆ ನಾನೇ ‘ಮಾಡಿ’ ಎನ್ನುತ್ತಿದ್ದೆ. ಅಂಥವು ಈ ದೇಶದಲ್ಲಿ ಇನ್ನೂ ಬೇಕಾದಷ್ಟಿವೆ. ಹರಾಜಿಗೆ ಹೋದಾಗ ಮೊದಲು ಮೂತಿ ನೋಡಿ, ಆ ಎರಡು ಕಿವಿ ಇವೆಯೇ ಎಂದು.

ಹಾಗೆಂದು ಇದನ್ನು ಹಾಳು ಮಾಡಿದವನನ್ನು ಬೈಯಬೇಡಿ. ಒಂಟಾರಿಯೋದ ಲಾಂಗ್ ಬ್ರಾಂಚ್ ಕಾರ್ಖಾನೆ ಎರಡನೆಯ ಮಹಾಯುದ್ಧದಲ್ಲಿ ಈ ರೈಫಲ್‌ಗಳನ್ನು ಲಕ್ಷಗಟ್ಟಲೆ ಹೊರಹಾಕಿತು. ಯುದ್ಧ ಮುಗಿದ ಮೇಲೆ ಅವು ಮಿಗುತಾಯ ಮಾಲಾಗಿ ಕಡಿಮೆ ಬೆಲೆಗೆ ಮಾರಾಟವಾದವು. ಚಳಿಗಾಲಕ್ಕೆ ಮಾಂಸ ಬೇಕಿದ್ದ ರೈತನೊಬ್ಬ ಒಂದನ್ನು ಕೊಂಡು, ಒಂಬತ್ತು ಪೌಂಡ್ ತೂಕ ಹೊತ್ತು ಹಿಮದಲ್ಲಿ ನಡೆಯಲಾರದೆ, ಅಡುಗೆಮನೆಯ ಮೇಜಿನ ಮೇಲೆ ಗರಗಸ ಹಿಡಿದು ಕುಳಿತ. ನಿಮ್ಮ ಫೋಟೋದಲ್ಲಿ ಮರದ ತುದಿಯನ್ನು ದುಂಡಗೆ ಉಜ್ಜಿದ್ದಾನಲ್ಲ, ಅದು ಅವನ ರಾಸ್ಪಿನ (ಒರಟು ಅರದ) ಕೆಲಸ, ಗೀರುಗಳು ಇನ್ನೂ ಕಾಣುತ್ತಿವೆ. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್‌ನಂಥ ಕಂಪನಿಗಳು ಇದೇ ಕೆಲಸವನ್ನು ಅಂದವಾಗಿ ಮಾಡಿ ಮಾರಿದವು. ನಿಮ್ಮದು ಅಡುಗೆಮನೆಯದು. ಆ ಗೀರುಗಳನ್ನು ಅಳಿಸಬೇಡಿ ಎಂಬುದು ನನ್ನ ಸಲಹೆ, ಕೇಳುವುದು ಬಿಡುವುದು ನಿಮ್ಮಿಷ್ಟ.

ಈಗ ಕೆಲಸಕ್ಕೆ ಬರೋಣ. ಮ್ಯಾಗಜಿನ್ ತೆಗೆದು, ನಳಿಕೆಯ ಬುಡವನ್ನು ಮುಚ್ಚುವ ಬೋಲ್ಟ್ ಹಿಂದಕ್ಕೆಳೆದು, ತೋಟಾ ಕೂರುವ ಕೋಣೆಯೊಳಗೆ ಕಿರುಬೆರಳು ಹಾಕಿ ನೋಡಿ. ಖಾಲಿಯೇ? ಮತ್ತೊಮ್ಮೆ ನೋಡಿ. ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬಬೇಕೆಂದು ನನಗೆ ಕಲಿಸಿದ ಉಸ್ತಾದರು ಪ್ರತಿ ಬೆಳಗ್ಗೆ ಇದನ್ನೇ ಹೇಳಿಸುತ್ತಿದ್ದರು.

ಇನ್ನು ಮುಂದೆ ಒಂದು ಗುಂಡನ್ನೂ ಹಾರಿಸುವ ಮೊದಲು ಹೆಡ್‌ಸ್ಪೇಸ್ ಅಳೆಸಿ. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ನಳಿಕೆಯ ಬುಡಕ್ಕೂ ನಡುವೆ ತೋಟಾದ ಅಂಚು ಕೂರುವ ಜಾಗ ಅದು. ತ್ರೀ-ನಾಟ್-ತ್ರೀಯಲ್ಲಿ ಇದು ಸೇನೆಯ ಲೆಕ್ಕದಲ್ಲಿ 0.064 ಇಂಚಿನಿಂದ 0.074 ಇಂಚಿನೊಳಗೆ ಇರಬೇಕು. 0.064ರ ಅಳತೆಬಿಲ್ಲೆಯ ಮೇಲೆ ಬೋಲ್ಟ್ ಮುಚ್ಚಬೇಕು, 0.074ರ ಮೇಲೆ ಮುಚ್ಚಬಾರದು. ಬಿಲ್ಲೆ ಇರುವ ಯಾವ ರಿಪೇರಿಯವನಾದರೂ ಐದು ನಿಮಿಷದಲ್ಲಿ ಹೇಳುತ್ತಾನೆ. ನಂ.4ರ ಸೊಗಸು ಎಂದರೆ ಬೋಲ್ಟಿನ ತಲೆ ತಿರುಪಿನಂತೆ ಕಳಚುತ್ತದೆ, ಮತ್ತು ಅದು 0, 1, 2, 3 ಎಂದು ನಾಲ್ಕು ಉದ್ದಗಳಲ್ಲಿ ಬರುತ್ತಿತ್ತು. ತಲೆಯ ಮೇಲೆಯೇ ಅಂಕಿ ಒತ್ತಿರುತ್ತದೆ. ಸಡಿಲವಾಗಿದ್ದರೆ ಮುಂದಿನ ಅಂಕಿಯ ತಲೆ ಹಾಕುವುದು, ಅಷ್ಟೇ. 3ನೇ ಅಂಕಿಯದು ಸಿಗುವುದು ಈಗ ಕಷ್ಟ. ಬೋಲ್ಟಿನ ಹಿಡಿಯ ಹಿಂದೆ ಒತ್ತಿದ ಸಂಖ್ಯೆಯೂ ರೈಫಲ್ ಮೈಮೇಲಿನ ಸಂಖ್ಯೆಯೂ ಒಂದೇ ಇವೆಯೇ ಎಂದು ನೋಡಿ. ಬೇರೆಯಾಗಿದ್ದರೆ ಯಾರೋ ಬೋಲ್ಟ್ ಬದಲಿಸಿದ್ದಾರೆ, ಅಳೆಸುವುದು ಇನ್ನೂ ತುರ್ತು.

ನೀವು ಈಗಾಗಲೇ ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೇಸುಗಳನ್ನು ಬಿಸಾಡಿಲ್ಲ ತಾನೇ? ಒಂದನ್ನು ಬೆಳಕಿಗೆ ಹಿಡಿಯಿರಿ. ಅಂಚಿನಿಂದ ಒಂದು ಸೆಂಟಿಮೀಟರ್ ಮೇಲೆ ಸುತ್ತಲೂ ಹೊಳೆಯುವ ಬಳೆಯಂಥ ಗೆರೆ ಕಂಡರೆ ಅಲ್ಲಿ ಹಿತ್ತಾಳೆ ಹಿಗ್ಗಿ ತೆಳುವಾಗಿದೆ. ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಉಗುರಿನಷ್ಟು ಬಗ್ಗಿಸಿ ಕೇಸಿನ ಒಳಗೋಡೆಯ ಮೇಲೆ ಬುಡದಿಂದ ಎಳೆಯಿರಿ. ಹಳ್ಳಕ್ಕೆ ಬಿದ್ದಂತೆ ತಡೆದರೆ, ಆ ರೈಫಲ್ ಮತ್ತು ಆ ಕೇಸು ಎರಡನ್ನೂ ಪಕ್ಕಕ್ಕಿಡಿ. ಎನ್‌ಫೀಲ್ಡಿನ ಬೋಲ್ಟ್ ಹಿಂಬದಿಯಲ್ಲಿ ಬೀಗವಾಗುವ ಜಾತಿ, ಆದ್ದರಿಂದ ಕೇಸು ಸ್ವಲ್ಪ ಹಿಗ್ಗುವುದು ಅದರ ಹುಟ್ಟುಗುಣ. ಹೆಡ್‌ಸ್ಪೇಸ್ ಹೆಚ್ಚಾಗಿದ್ದರೆ ಹಿಗ್ಗುವುದು ಹರಿಯುವುದಾಗುತ್ತದೆ.

ನಕ್ಷತ್ರದ ಗುರುತಿನ ಮಾತು. ಮಾರ್ಕ್ 1 ಸ್ಟಾರ್‌ನಲ್ಲಿ ತಯಾರಿಕೆ ಸರಳವಾಗಲೆಂದು ಬೋಲ್ಟ್ ಬಿಡಿಸುವ ಒತ್ತುಗುಂಡಿಯನ್ನು ತೆಗೆದುಹಾಕಿ, ಬೋಲ್ಟಿನ ತಲೆ ಜಾರುವ ಬಲಬದಿಯ ಹಳಿಯಲ್ಲೇ ಒಂದು ಕಚ್ಚು ಮಾಡಿದರು. ತಲೆಯನ್ನು ಆ ಕಚ್ಚಿಗೆ ತಂದು ಮೇಲೆತ್ತಿದರೆ ಬೋಲ್ಟ್ ಕೈಗೆ ಬರುತ್ತದೆ. ಎಂಬತ್ತು ವರ್ಷದ ತಿಕ್ಕಾಟದಲ್ಲಿ ಈ ಕಚ್ಚಿನ ಅಂಚು ಚಕ್ಕೆ ಏಳುವುದುಂಟು. ಆಗ ಬೇಟೆಯ ನಡುವೆ ಬೋಲ್ಟನ್ನು ಅವಸರದಲ್ಲಿ ಎಳೆದರೆ ತಲೆ ಹಳಿ ತಪ್ಪುತ್ತದೆ. ನಿಮ್ಮ ಮೂರನೆಯ ಫೋಟೋದಲ್ಲಿ ಅಂಚು ಚೂಪಾಗಿಯೇ ಕಾಣುತ್ತಿದೆ. ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಿ.

ಈಗ ನಿಮ್ಮ ಮೂರನೆಯ ಗುಂಡಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಮೂಲ ನಂ.4ರಲ್ಲಿ ಮುಂದಿನ ಮರ, ನಾವು ವರ್ಕ್‌ಶಾಪಿನಲ್ಲಿ ಫೋರ್‌ಎಂಡ್ ಎನ್ನುತ್ತಿದ್ದುದು, ನಳಿಕೆಯ ಮೂತಿಯ ಹತ್ತಿರದವರೆಗೂ ಹೋಗಿ, ಅಲ್ಲಿ ಅದನ್ನು ಎರಡರಿಂದ ಏಳು ಪೌಂಡ್ ಬಲದಲ್ಲಿ ಮೇಲಕ್ಕೆ ಒತ್ತಿ ಹಿಡಿಯುತ್ತಿತ್ತು. ಇಡೀ ರೈಫಲ್ ಗುರಿಗೆ ಬೀಳುತ್ತಿದ್ದುದು ಆ ಒತ್ತಡದ ಲೆಕ್ಕದಲ್ಲಿ. ಗರಗಸ ಬಿದ್ದ ದಿನ ಆ ಲೆಕ್ಕ ಹೋಯಿತು. ಉಳಿದ ಗಿಡ್ಡ ಮರ ಈಗ ನಳಿಕೆಯನ್ನು ಎಲ್ಲೋ ಒಂದು ಕಡೆ, ಬಹುಶಃ ತುದಿಯಲ್ಲಿ, ತಗಲುತ್ತಿದೆ. ಎರಡು ಈಡಿಗೆ ನಳಿಕೆ ಬಿಸಿಯಾಗಿ ಹಿಗ್ಗುತ್ತದೆ, ಮರ ಅದನ್ನು ಮೇಲಕ್ಕೆ ದೂಡುತ್ತದೆ, ಮೂರನೆಯ ಗುಂಡು ಆಕಾಶ ನೋಡುತ್ತದೆ. ಒಂದು ಕಾಗದದ ಚೂರನ್ನು ನಳಿಕೆಗೂ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆದು ನೋಡಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಗಲುತ್ತಿದೆ. ಕೆನಡಾದ ಪ್ಲಾಸ್ಟಿಕ್ ನೋಟು ಬೇಡ, ಜಾರುತ್ತದೆ. ನಾನು ಪರ್ಸಿನಲ್ಲಿ ಉಳಿದ ಊರಿನ ಹತ್ತು ರೂಪಾಯಿ ನೋಟನ್ನು ಇದಕ್ಕೇ ಇಟ್ಟುಕೊಂಡಿದ್ದೇನೆ.

ಆದರೆ ತುದಿಯನ್ನು ಕೆರೆಯುವ ಮೊದಲು ಬುಡ ನೋಡಬೇಕು. ಟ್ರಿಗರ್ ಗಾರ್ಡಿನ ಮುಂದಿನ ದೊಡ್ಡ ತಿರುಪನ್ನು ಬಿಗಿ ಮಾಡಿ, ಎಡಗೈಯಲ್ಲಿ ಬಟ್ (ಭುಜಕ್ಕೊರಗುವ ಹಿಂದಿನ ಮರ) ಹಿಡಿದು ಬಲಗೈಯಲ್ಲಿ ಫೋರ್‌ಎಂಡನ್ನು ಹಿಂದೆ ಮುಂದೆ ಎಳೆಯಿರಿ. ಕೂದಲೆಳೆಯಷ್ಟು ಅಲುಗಿದರೂ ಒಳಗೆ ಉಕ್ಕಿನ ಮೈ ಮರಕ್ಕೆ ಒದೆಯುವ ಎರಡು ಇಳಿಜಾರು ಮುಖಗಳು ಸವೆದಿವೆ ಎಂದರ್ಥ. ದಶಕಗಟ್ಟಲೆ ಬೋಲ್ಟಿನ ಎಣ್ಣೆ ಅಲ್ಲಿಗಿಳಿದು ಮರ ನೆನೆದ ರೊಟ್ಟಿಯಂತಾಗಿರುತ್ತದೆ. ತಿರುಪಿನ ಜೊತೆ ಒಂದು ಉಕ್ಕಿನ ಕೊಳವೆ ಇರಬೇಕು, ತಿರುಪು ಬಿಗಿದಾಗ ಮರ ಜಜ್ಜಿಹೋಗದಂತೆ ತಡೆಯುವುದು ಅದೇ. ಮನೆಯಲ್ಲಿ ಬಿಚ್ಚಿ ಜೋಡಿಸಿದ ಕೋವಿಗಳಲ್ಲಿ ಮೊದಲು ಕಳೆದುಹೋಗುವ ವಸ್ತುವೂ ಅದೇ. ಇಲ್ಲದಿದ್ದರೆ ಹೊಸದು ತರಿಸಿ, ಅಗ್ಗದ ಬಿಡಿಭಾಗ.

ಸವೆದಿದ್ದರೆ ಹೀಗೆ ಮಾಡಿ. ಎಣ್ಣೆ ಕುಡಿದ ಕಪ್ಪು ಮರವನ್ನು ಚೂಪು ಉಳಿಯಿಂದ ಬಿಳಿ ಮರ ಕಾಣುವ ತನಕ ಚೌಕವಾಗಿ ತೆಗೆಯಿರಿ. ಅಸಿಟೋನ್‌ನಿಂದ ಎರಡು ಮೂರು ಸಲ ಒರೆಸಿ ಒಣಗಿಸಿ. ಅಲ್ಲಿಗೆ ಗಟ್ಟಿ ಮೇಪಲ್ ಮರದ ತುಂಡನ್ನು, ಒದೆತ ಎಳೆಯ ತುದಿಗೆ ಬೀಳುವಂತೆ, ಎಪಾಕ್ಸಿ ಹಾಕಿ ಅಂಟಿಸಿ. ತುಂಡು ಬೇಕಾದ್ದಕ್ಕಿಂತ ಸ್ವಲ್ಪ ದಪ್ಪವಿರಲಿ. ಈಗ ಬರುವುದು ಕಾಡಿಗೆ.

ಅಂಗಡಿಯಲ್ಲಿ ಇದಕ್ಕೆಂದೇ ಕಪ್ಪು ಲೇಪ ಮಾರುತ್ತಾರೆ. ನಾನು ನಮ್ಮವ್ವ ಕಾಡಿಗೆ ಮಾಡುತ್ತಿದ್ದ ಹಾಗೆ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಮಸಿ ಹಿಡಿಯುತ್ತೇನೆ, ಅದಕ್ಕೆ ಎರಡು ಹನಿ ಹರಳೆಣ್ಣೆ ಬೆರೆಸುತ್ತೇನೆ. ಮಗಳಿಗೆ ಹೊಗೆ ಅಲಾರಂ ಬಡಿದುಕೊಳ್ಳುವ ಚಿಂತೆ, ಆದ್ದರಿಂದ ಗ್ಯಾರೇಜಿನಲ್ಲಿ. ಆ ಕಾಡಿಗೆಯನ್ನು ಉಕ್ಕಿನ ಮೈಗೆ ತೆಳ್ಳಗೆ ಸವರಿ, ಮರದೊಳಗೆ ಇಳಿಸಿ, ರಬ್ಬರ್ ಸುತ್ತಿಗೆಯಿಂದ ಒಮ್ಮೆ ತಟ್ಟಿ ಮೇಲೆತ್ತಿ. ಮರದ ಮೇಲೆ ಕಪ್ಪು ಚುಕ್ಕೆ ಎಲ್ಲೆಲ್ಲಿ ಬಿತ್ತೋ ಅಲ್ಲಿ ಮಾತ್ರ, ಉಳಿಯ ಅಂಚಿನಿಂದ ಈರುಳ್ಳಿ ಸಿಪ್ಪೆಯಷ್ಟು ಕೆರೆಯಿರಿ. ಮತ್ತೆ ಸವರಿ, ಮತ್ತೆ ಇಳಿಸಿ. ನನ್ನ ಕೈಯಲ್ಲಿ ಇದು ಮೂವತ್ತು ನಲವತ್ತು ಸಲ ಆಗುತ್ತದೆ. ಎರಡೂ ಇಳಿಜಾರು ಮುಖಗಳ ಮೇಲೆ ಕಪ್ಪು ಒಂದೇ ಸಮ ಹರಡಿ, ಮೈ ಹೆಬ್ಬೆರಳ ಒತ್ತಡಕ್ಕೆ ಬಿಗಿಯಾಗಿ ಕೂತರೆ ಕೆಲಸ ಮುಗಿಯಿತು. ಫೋರ್‌ಎಂಡಿನ ಹಿಂಭಾಗ ಬಟ್ಟಿನ ಉಕ್ಕಿನ ಕೊರಳಿಗೆ ತಗಲದೆ ಒಂದು ಹಾಳೆಯಷ್ಟು ಸಂದು ಉಳಿಯಲಿ, ಇಲ್ಲದಿದ್ದರೆ ಒದೆತ ಅಲ್ಲಿಗೆ ಬಿದ್ದು ಮರ ಸೀಳುತ್ತದೆ.

ಇದಾದ ಮೇಲೆಯೇ ಮುಂದಿನದು. ನಳಿಕೆಯ ದಪ್ಪ ಬುಡದ ಕೆಳಗೆ ಒಂದೆರಡು ಇಂಚು ಮರದ ಆಸರೆ ಇರಲಿ, ಅಲ್ಲಿಂದ ಮುಂದಕ್ಕೆ ನೋಟು ಸಲೀಸಾಗಿ ಓಡುವಷ್ಟು ತಗ್ಗು ಮಾಡಿ. ದುಂಡು ಕೋಲಿಗೆ ಮರಳು ಕಾಗದ ಸುತ್ತಿ ಉಜ್ಜಿದರೆ ಸಾಕು. ಗಿಡ್ಡ ಮರದ ನಂ.4ಗೆ ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ತೆಳು ನಳಿಕೆಯಾದ್ದರಿಂದ ಕೆಲವು ಕೋವಿ ಹೀಗೆ ತೇಲಬಿಟ್ಟರೂ ಮುನಿಸಿಕೊಳ್ಳುತ್ತವೆ. ಆಗ ಮರದ ತುದಿಯ ಹತ್ತಿರ ಬೆರಳಗಲದ ಕಾರ್ಕ್ ತುಂಡನ್ನು ನಳಿಕೆಯ ಕೆಳಗಿಟ್ಟು ಹಾರಿಸಿ ನೋಡಿ.

ಗರಗಸ ಹಾಕಿದ ಮೂತಿಯನ್ನೂ ನೋಡಿ. ಗುಂಡು ಕೊನೆಯದಾಗಿ ಬಿಡುವ ಅಂಚು ಸುತ್ತಲೂ ಸಮವಿರಬೇಕು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಎಳೆದರೆ ಎಳೆ ಸಿಕ್ಕಿಕೊಳ್ಳುವ ಕಡೆ ಮುಳ್ಳು ಇದೆ. ಗುಂಡುತಲೆಯ ಹಿತ್ತಾಳೆ ತಿರುಪನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ, ತಲೆಗೆ ಉಜ್ಜುಪುಡಿಯ ಲೇಪ ಹಚ್ಚಿ, ಡ್ರಿಲ್ಲನ್ನು ಸ್ವಲ್ಪ ಸ್ವಲ್ಪವೇ ಓಲಾಡಿಸುತ್ತಾ ನಿಧಾನಕ್ಕೆ ತಿರುಗಿಸಿ. ನಳಿಕೆಯೊಳಕ್ಕೆ ಮೊದಲೇ ಬಟ್ಟೆ ತುರುಕಿರಿ, ಪುಡಿ ಇಳಿಯಬಾರದು. ಒಳಗೆ ಇಣುಕಿದಾಗ ಎರಡೇ ಗಾಡಿ (ಗುಂಡನ್ನು ತಿರುಗಿಸುವ ಸುರುಳಿ ಗೀರು) ಕಂಡರೆ ಗಾಬರಿ ಬೇಡ. ಯುದ್ಧಕಾಲದಲ್ಲಿ ಲಾಂಗ್ ಬ್ರಾಂಚಿನವರು ಐದರ ಬದಲು ಎರಡು ಗಾಡಿಯ ನಳಿಕೆಗಳನ್ನೂ ಮಾಡಿದರು, ಅವು ಚೆನ್ನಾಗಿಯೇ ಹೊಡೆಯುತ್ತವೆ. ಇನ್ನೂ ಗಿಡ್ಡ ಮಾಡುವ ಯೋಚನೆ ಮಾತ್ರ ಬೇಡ. ಕೆನಡಾದ ಕಾನೂನಿನಲ್ಲಿ ಕತ್ತರಿಸಿದ ನಳಿಕೆ 457 ಮಿಲಿಮೀಟರಿಗಿಂತ, ಅಥವಾ ಇಡೀ ಕೋವಿ 660 ಮಿಲಿಮೀಟರಿಗಿಂತ ಕಡಿಮೆಯಾದರೆ ಅದು ನಿಷಿದ್ಧ ಆಯುಧ.

ಟ್ರಿಗರ್: ಜನವರಿಯಲ್ಲಿ ನಿಮ್ಮ ಟ್ರಿಗರ್ ಬೇರೆ ಥರ ಇದ್ದರೆ ಆಶ್ಚರ್ಯಪಡಬೇಡಿ. ಮಾರ್ಕ್ 1 ಸ್ಟಾರ್‌ನಲ್ಲಿ ಟ್ರಿಗರ್ ನೇತಾಡುವುದು ಗಾರ್ಡಿಗೆ, ಗಾರ್ಡು ಕೂರುವುದು ಮರಕ್ಕೆ. ಹೀಟರ್ ಉರಿಯುವ ಮನೆಯಲ್ಲಿ ಮರ ಒಣಗಿ ಕುಗ್ಗಿದರೆ ಎಳೆತದ ಎರಡು ಹಂತಗಳಲ್ಲಿ ಮೊದಲನೆಯದು ಮಾಯವಾಗುತ್ತದೆ. ಮಾರ್ಕ್ 2ರಲ್ಲಿ ಟ್ರಿಗರನ್ನು ಉಕ್ಕಿನ ಮೈಗೇ ತೂಗಿಹಾಕಿ ಈ ತೊಂದರೆಯನ್ನು ನಿವಾರಿಸಿದರು. ನಿಮಗೆ ತಿರುಪಿನ ಬಿಗಿತ ಆಗಾಗ ನೋಡುವುದೇ ದಾರಿ. ಹಗುರ ಎಳೆತ ಬೇಕೆಂದು ಸಿಯರ್ (ಟ್ರಿಗರ್ ಎಳೆಯುವ ತನಕ ಸೂಜಿಯನ್ನು ತಡೆದು ಹಿಡಿಯುವ ಕೊಂಡಿ) ಉಜ್ಜಲು ಹೋಗಬೇಡಿ. ಖಾಲಿ ರೈಫಲಿನ ಬೋಲ್ಟ್ ಮುಚ್ಚಿ, ಬಟ್ಟನ್ನು ಚಾಪೆಯ ಮೇಲೆ ಗಟ್ಟಿಯಾಗಿ ಕುಟ್ಟಿ. ಸೂಜಿ ತಾನೇ ಕಳಚಿಕೊಂಡರೆ ಬೇಟೆಗೆ ಒಯ್ಯಬೇಡಿ, ಬೆಂಚಿಗೆ ತನ್ನಿ.

ಗುರಿಗೆ ದೂರದರ್ಶಕ ಬೇಕೋ ಬೇಡವೋ ನಿಮ್ಮ ಕಣ್ಣನ್ನು ಕೇಳಿ. ಹಿಂಗಣ್ಣಿನ (ಕೋವಿಯ ಹಿಂದಿನ ಗುರಿಕಣ್ಣಿನ) ಸಣ್ಣ ತೂತೇ ಸಾಕು ಎನ್ನುವ ಪಂಗಡದವನು ನಾನು, ನೂರೈವತ್ತು ಗಜದವರೆಗೆ. ಮುಂದಿನ ಕಣ್ಣಿನ ಅಲಗುಗಳು 0.015 ಇಂಚಿನ ಹೆಜ್ಜೆಯಲ್ಲಿ ಎತ್ತರ ಬದಲಾಗುತ್ತವೆ, ಒಂದು ಹೆಜ್ಜೆಗೆ ನಿಮ್ಮ ಗಿಡ್ಡ ನಳಿಕೆಯಲ್ಲಿ ನೂರು ಗಜಕ್ಕೆ ಸುಮಾರು ಎರಡು ಇಂಚು. ಗುಂಡು ಮೇಲೆ ಬಿದ್ದರೆ ಎತ್ತರದ ಅಲಗು ಹಾಕಿ. ಜಿಂಕೆಗೆ 150 ಗ್ರೇನ್, ದೊಡ್ಡದಕ್ಕೆ 180 ಗ್ರೇನ್ ಮೃದುಮೂತಿಯ ಗುಂಡು. ಯಾವುದರಲ್ಲಿ ಗುರಿ ಹೊಂದಿಸುತ್ತೀರೋ ಅದರಲ್ಲೇ ಬೇಟೆಗೆ ಹೋಗಿ. ಮೈನಸ್ ಇಪ್ಪತ್ತಕ್ಕೆ ಹೊರಡುವ ಮುನ್ನ ಬೋಲ್ಟಿನ ಒಳಗಿನ ಎಣ್ಣೆಯನ್ನು ಪೂರ್ತಿ ತೊಳೆದು ಒಣಗಿಸಿ, ಇಲ್ಲದಿದ್ದರೆ ತೋಟಾ ಸಿಡಿಸುವ ಸೂಜಿ ಜೇನುತುಪ್ಪದಲ್ಲಿ ನಡೆದಂತೆ ನಡೆಯುತ್ತದೆ. ಕೆನಡಾದ ಉತ್ತರದ ಹಿಮಸೀಮೆಯ ರೇಂಜರ್ಸ್ ಪಡೆ 1947ರಿಂದ ಇದೇ ನಂ.4 ಹಿಡಿದಿತ್ತು, 2018ರಲ್ಲಿ ಹೊಸ ಸಿ-19 ರೈಫಲ್ ಬರತೊಡಗುವ ತನಕ. ಚಳಿಗೆ ಹೆದರುವ ಕೋವಿಯಲ್ಲ ಇದು.

ಪರವಾನಗಿ ಇದೆ ಎಂದು ಬರೆದಿದ್ದೀರಿ. 2022ರ ಮೇ ತಿಂಗಳಿಂದ ಇಂಥ ಸಾಧಾರಣ ರೈಫಲ್ ಕೈ ಬದಲಿಸುವಾಗಲೂ ಕೊಳ್ಳುವವರ ಪರವಾನಗಿಯನ್ನು ಪರಿಶೀಲಿಸಿ ಒಂದು ಉಲ್ಲೇಖ ಸಂಖ್ಯೆ ಪಡೆಯಬೇಕು. ಹರಾಜಿನವರು ಅದನ್ನು ಮಾಡಿದ್ದಾರೆಯೇ ಎಂದು ಕಾಗದದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಹೊಲ ಕಾಯುವ ಪರವಾನಗಿಯ ಒಂಟಿನಳಿಕೆ ಕೋವಿಯ ಮರ ಬೆಳ್ಳಗಾಗಿದೆ. ಅಗಸೆ ಎಣ್ಣೆ ಹಚ್ಚಬಹುದು ಎಂದು ಎಲ್ಲೋ ಓದಿದೆ. ಗಾಣದಿಂದ ತಂದ, ಚಟ್ನಿಪುಡಿಯ ಅಗಸೆಯ ಎಣ್ಣೆಯೇ ಆಗುತ್ತದೆಯೇ? (ಓದುಗರು, ಬಾಗಲಕೋಟೆ)

ಉತ್ತರ: ಅದೇ ಎಣ್ಣೆ. ಬ್ರಿಟಿಷರ ಕಾಲದಿಂದ ಸೇನೆಯ ರೈಫಲ್‌ಗಳ ಮರ ಕುಡಿದು ಬೆಳೆದದ್ದು ಹಸಿ ಅಗಸೆ ಎಣ್ಣೆಯನ್ನೇ. ಒಣಗಲು ದಿನಗಟ್ಟಲೆ ಬೇಕು ಎಂಬುದೊಂದೇ ತೊಂದರೆ. ಬಿಸಿಲಿಗಿಟ್ಟು ಎಣ್ಣೆಯನ್ನು ಬೆಚ್ಚಗೆ ಮಾಡಿ, ಅಂಗೈಯಲ್ಲಿ ನಾಲ್ಕೇ ಹನಿ ಹಾಕಿಕೊಂಡು ಮರ ಬಿಸಿಯಾಗುವ ತನಕ ತಿಕ್ಕಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ಮೊದಲ ವಾರ ದಿನಕ್ಕೊಂದು ಸಲ, ಆಮೇಲೆ ವಾರಕ್ಕೊಂದು ಸಲ. ಹೆಚ್ಚು ಸುರಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಮುದ್ದೆಯೊಳಗಿನ ಬಿಸಿ ಹೊರಹೋಗದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಉತ್ಪ್ರೇಕ್ಷೆಯಲ್ಲ. ನಮ್ಮ ಬೆಂಚಿನ ಕೆಳಗಿನ ಡಬ್ಬಿಯಿಂದ ಹೊಗೆ ಬಂದದ್ದನ್ನು ನಾನೇ ಕಂಡಿದ್ದೇನೆ, ಡಬ್ಬಿಗೆ ಹಾಕಿದವನೂ ನಾನೇ. ಬಟ್ಟೆಯನ್ನು ಹರಡಿ ಬಯಲಲ್ಲಿ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮರಳು ಕಾಗದ ಮುಟ್ಟಬೇಡಿ. ಸೇವೆಗೆ ಸೇರಿದ ಮೊದಲ ವರ್ಷ ಒಂದು ತ್ರೀ-ನಾಟ್-ತ್ರೀ ಬಟ್ಟನ್ನು ಹೊಳೆಯಲಿ ಎಂದು ಉಜ್ಜಿ ಉಜ್ಜಿ, ಅದರ ಮೇಲೆ ಒತ್ತಿದ್ದ ಅಕ್ಷರಗಳನ್ನೆಲ್ಲ ಅಳಿಸಿಬಿಟ್ಟಿದ್ದೆ. ಗಿಡ್ಡ ಬಟ್ಟಿಗೆ ‘ಎಸ್’, ಉದ್ದದ್ದಕ್ಕೆ ‘ಎಲ್’ ಎಂಬ ಗುರುತು ಮೇಲ್ಗಡೆ ಇರುತ್ತಿತ್ತು, ಅರ್ಧರ್ಧ ಇಂಚಿನ ವ್ಯತ್ಯಾಸ. ನಾನು ಅಳಿಸಿದ್ದು ಗಿಡ್ಡದ್ದು. ನನ್ನಂಥ ಐದೂಕಾಲು ಅಡಿಯವನಿಗೆ ಹೇಳಿ ಮಾಡಿಸಿದ್ದು ಎಂಬುದು ಆಗ ತಿಳಿದಿರಲಿಲ್ಲ. ಹದಿನೈದು ದಿನ ಶಸ್ತ್ರಾಗಾರದ ಲೆಕ್ಕದ ಪುಸ್ತಕ ಬರೆದೆ. ನಿಮ್ಮ ಮರದಲ್ಲಿ ಗುಂಡಿ ಬಿದ್ದಿದ್ದರೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆಯ ತುದಿಯನ್ನು ಒಂದು ಕ್ಷಣ ಒತ್ತಿ. ಎಳೆ ಮುರಿಯದಿದ್ದರೆ ಹಬೆಗೆ ಉಬ್ಬಿ ಸಮವಾಗುತ್ತದೆ.

ಪ್ರಶ್ನೆ: ಇಶಾಪುರದ 2ಎ1 ರೈಫಲ್ ಒಂದು ಇಲ್ಲಿ ಮಾರಾಟಕ್ಕಿದೆ, ಯಾರೋ ಗಿಡ್ಡ ಮಾಡಿ ಬೇಟೆ ಕೋವಿಯಂತೆ ಮಾಡಿದ್ದಾರೆ. ತ್ರೀ-ನಾಟ್-ತ್ರೀಯನ್ನೇ ಕೊರೆದು 7.62 ಮಾಡಿದ್ದಾರೆ, ಅಪಾಯ ಎನ್ನುತ್ತಾರೆ. ನಿಜವೇ? (ಓದುಗರು, ಬ್ರಾಂಪ್ಟನ್)

ಉತ್ತರ: ಸುಳ್ಳು. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆ 1960ರ ದಶಕದಲ್ಲಿ 2ಎ ಮತ್ತು 2ಎ1ಗಳನ್ನು 7.62 ನ್ಯಾಟೋ ತೋಟಾಕ್ಕೆಂದೇ, ಇನ್ನೂ ಗಟ್ಟಿ ಉಕ್ಕಿನಲ್ಲಿ, ಹೊಸದಾಗಿ ತಯಾರಿಸಿತು. ಆಕಾರ ನಂ.4ಕ್ಕೂ ಹಿಂದಿನ ಎನ್‌ಫೀಲ್ಡ್ ಆದ ಹಳೆಯ ಎಸ್‌ಎಂಎಲ್‌ಇಯದು, ಮ್ಯಾಗಜಿನ್ ಮಾತ್ರ ಚೌಕ ಡಬ್ಬಿಯಂತೆ. ಹಿಂಗಣ್ಣಿನ ಅಳತೆ 800 ಮೀಟರಿಗೆ ನಿಂತರೆ 2ಎ1, 2000ದವರೆಗೆ ಹೋದರೆ 2ಎ. ಅಂಗಡಿಯ .308 ಬೇಟೆ ತೋಟಾ ಕೂರುತ್ತದೆ, ಆದರೆ ಹೆಡ್‌ಸ್ಪೇಸ್ ಅಳೆಸದೆ ಬೇಡ, ಹೆಚ್ಚು ಒತ್ತಡದ ತೋಟಾ ಬೇಡ. ಬಟ್ ಬಿಚ್ಚುವಾಗ ಎಚ್ಚರ. ಎಸ್‌ಎಂಎಲ್‌ಇ ಮಾದರಿಯಲ್ಲಿ ಬಟ್ಟಿನ ಉದ್ದ ತಿರುಪಿನ ಚೌಕ ತುದಿ ಫೋರ್‌ಎಂಡಿನೊಳಗಿನ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಫೋರ್‌ಎಂಡ್ ತೆಗೆಯದೆ ಆ ತಿರುಪು ತಿರುಗಿಸಿದರೆ ಮರ ಸೀಳುವ ಸದ್ದು ಕೇಳುತ್ತೀರಿ. ಆ ಸದ್ದು ಕೇಳಿಸಿಕೊಂಡು ನನ್ನ ಬಳಿ ಬಂದವರು ಈ ವರ್ಷವೇ ಮೂವರು.

ಪ್ರಶ್ನೆ: ಹಳೆಯ ಸೈನ್ಯದ .303 ತೋಟಾ ಅಗ್ಗಕ್ಕೆ ಸಿಕ್ಕಿತು. ಹಾರಿಸಿ ಎಣ್ಣೆ ಹಾಕಿ ಒರೆಸಿಟ್ಟೆ. ಮೂರು ದಿನಕ್ಕೆ ನಳಿಕೆಯೊಳಗೆ ಕೆಂಪು ತುಕ್ಕು. ಎಣ್ಣೆ ಕೆಟ್ಟದ್ದೇ? (ಓದುಗರು, ಪ್ರಿನ್ಸ್ ಜಾರ್ಜ್)

ಉತ್ತರ: ಎಣ್ಣೆ ಒಳ್ಳೆಯದೇ. ಹಳೆಯ ತೋಟಾದ ಪ್ರೈಮರ್ (ಬುಡದಲ್ಲಿರುವ ಕಿಡಿಮದ್ದು) ಸಿಡಿದಾಗ ಉಳಿಯುವುದು ಒಂದು ಜಾತಿಯ ಉಪ್ಪು. ಉಪ್ಪು ಎಣ್ಣೆಗೆ ಕರಗುತ್ತದೆಯೇ? ಉಪ್ಪಿನಕಾಯಿ ಹಾಕಿದ ಯಾರನ್ನಾದರೂ ಕೇಳಿ. ಅದಕ್ಕೆ ಬೇಕಾದದ್ದು ನೀರು. ಕೋಣೆಯ ಕಡೆಯಿಂದ ಲಾಳಿಕೆ ಇಟ್ಟು ಒಂದು ಲೀಟರ್ ಕುದಿಯುವ ನೀರು ಸುರಿಯಿರಿ, ಮೂತಿ ಬಕೆಟ್ಟಿನಲ್ಲಿರಲಿ, ಕೈಗೆ ದಪ್ಪ ಕವಚವಿರಲಿ. ಉಕ್ಕು ಕಾದು ತಾನೇ ಒಣಗುತ್ತದೆ. ಆಮೇಲೆ ಒಣ ಚಿಂದಿ, ಕೊನೆಗೆ ಎಣ್ಣೆ. ಬೋಲ್ಟಿನ ಮುಖವನ್ನೂ ಬಿಸಿನೀರಿನ ಬಟ್ಟೆಯಿಂದ ಒರೆಸಿ. ಹಾರಿಸಿದ ದಿನವೇ ಆಗಬೇಕು, ಮರುದಿನಕ್ಕಿಟ್ಟರೆ ನಿಮ್ಮ ಕಥೆಯೇ. ಬೇಟೆಗೆ ಈ ತೋಟಾ ಒಯ್ಯಬೇಡಿ, ಸೈನ್ಯದ ಪೂರ್ತಿ ಕವಚದ ಗುಂಡು ಪ್ರಾಣಿಯನ್ನು ತೂರಿಕೊಂಡು ಹೋಗಿ ನರಳಿಸುತ್ತದೆ.

ಪ್ರಶ್ನೆ: ಈ ಅಂಕಣ ಓದಿ ಆಸೆಯಾಗುತ್ತಿದೆ. ನಾನೂ ಊರಿನಲ್ಲಿ ಒಂದು ಹಳೆಯ .303 ಕೊಂಡು ಬೇಟೆ ಕೋವಿಯಾಗಿ ರೂಪಿಸಿಕೊಳ್ಳಬಹುದೇ? ನಮಗೆ ವಿನಾಯಿತಿ ಇದೆಯಲ್ಲ. (ಓದುಗರು, ಮಡಿಕೇರಿ)

ಉತ್ತರ: ಆಗುವುದಿಲ್ಲ. ಭಾರತದಲ್ಲಿ .303 ನಿಷಿದ್ಧ ಬೋರು (ನಳಿಕೆಯ ಒಳಅಳತೆ). ಬ್ರಿಟಿಷರು ಸೈನ್ಯದ ತೋಟಾ ಊರವರ ಕೈಗೆ ಸಿಗಬಾರದೆಂದು ಕಟ್ಟಿದ ಬೇಲಿ ಅದು. ಆದ್ದರಿಂದಲೇ ಖಾಸಗಿ ಪರವಾನಗಿಯವರ ಮನೆಗಳಲ್ಲಿ ನೀವು ಕಾಣುವುದು .315. ಇಶಾಪುರದವರು ಇಂದಿಗೂ ಎನ್‌ಫೀಲ್ಡ್ ಮೈಗೆ .315 ನಳಿಕೆ ಹಾಕಿಯೇ ಸ್ಪೋರ್ಟಿಂಗ್ ರೈಫಲ್ ಮಾಡುತ್ತಾರೆ. ಒಂದು ಲೆಕ್ಕದಲ್ಲಿ ಹುಟ್ಟುವಾಗಲೇ ಬೇಟೆ ಕೋವಿಯಾಗಿ ಹುಟ್ಟಿದ ಎನ್‌ಫೀಲ್ಡ್. ನಳಿಕೆ ಗಿಡ್ಡ ಮಾಡುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿ ಬೇರೆ ಪರವಾನಗಿ ಬೇಕು. ಅಡುಗೆಮನೆಯ ಗರಗಸ ಅಲ್ಲಿ ಅಪರಾಧ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಪರವಾನಗಿಗೆ ಸಂಬಂಧಿಸಿದ್ದು, 2029ರವರೆಗೆ ಅದು ಮುಂದುವರಿದಿದೆ. ಬೇಟೆಗೆ ವಿನಾಯಿತಿ ಇಲ್ಲ. 1972ರ ವನ್ಯಜೀವಿ ಕಾಯ್ದೆ ಕೊಡಗಿನ ಗಡಿಯಲ್ಲಿ ನಿಲ್ಲುವುದಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂವಿನ (ಕೋವಿಹೂವಿನ) ಅಲಂಕಾರ ಮಾಡಿ, ತೆಂಗಿನಕಾಯಿಗೆ ಗುರಿಯಿಡಿ. ಅದಕ್ಕೆ ಮುನ್ನ ನಳಿಕೆಯೊಳಗೆ ಒಂದು ಚಿಂದಿ ಎಳೆಯಿರಿ, ವರ್ಷಕ್ಕೊಮ್ಮೆ ಇಳಿಸುವ ಕೋವಿಯಲ್ಲಿ ಕಣಜ ಗೂಡು ಕಟ್ಟಿರುತ್ತದೆ.

ಪ್ರಶ್ನೆ: ನಾನು ಕೊಂಡ ಕತ್ತರಿಸಿದ ಎನ್‌ಫೀಲ್ಡಿನ ಮೈಮೇಲೆ ‘ಡಿಪಿ’ ಎಂದು ಒತ್ತಿದೆ. ಮಾರಿದವರು ಕಾರ್ಖಾನೆಯ ಗುರುತು ಎಂದರು. (ಓದುಗರು, ಎಡ್ಮಂಟನ್)

ಉತ್ತರ: ‘ಡ್ರಿಲ್ ಪರ್ಪಸ್’. ಹಾರಿಸಲು ಅನರ್ಹ ಎಂದು ಆರ್ಮರರ್ ಒಬ್ಬ ತೀರ್ಮಾನಿಸಿ, ಹುಡುಗರು ಕವಾಯತಿಗೆ ಹಿಡಿಯಲಿ ಎಂದು ಬಿಟ್ಟದ್ದು. ಎನ್‌ಸಿಸಿಯಲ್ಲಿ ನೀವು ಹೆಗಲ ಮೇಲೆ ಹೊತ್ತಿರಬಹುದು. ಅವನು ಏನು ದೋಷ ಕಂಡನೋ ಅದು ಹೊರಗಿನಿಂದ ಕಾಣಬೇಕೆಂದಿಲ್ಲ. ಕೋಣೆಗೆ ಕೊರೆದ ತೂತನ್ನು ಯಾರಾದರೂ ಬೆಸುಗೆ ಹಾಕಿ ಮುಚ್ಚಿದ್ದರಂತೂ ಕೇಳಲೇಬೇಡಿ. ತೋಟಾ ಹಾಕಬೇಡಿ, ಹಣ ವಾಪಸು ಕೇಳಿ. ಕೊಡದಿದ್ದರೆ ಟ್ರಿಗರಿಗೆ ಬೀಗ ಹಾಕಿ ಗೋಡೆಗೆ ತೂಗಿಹಾಕಿ. ಮೊಳೆಯನ್ನು ಬರೀ ಪ್ಲಾಸ್ಟರ್ ಹಲಗೆಗಲ್ಲ, ಹಿಂದಿನ ಮರದ ತೊಲೆಗೆ ಹೊಡೆಯಿರಿ, ಕತ್ತರಿಸಿದ ಮೇಲೂ ಏಳೆಂಟು ಪೌಂಡ್ ಉಳಿದಿರುತ್ತದೆ.